ಇಸ್ರೇಲ್–ಪ್ಯಾಲೆಸ್ಟೀನ್ ಸಂಘರ್ಷವನ್ನು ವಿದ್ಯಾರ್ಥಿಯಾಗಿ ಓದಿದಾಗ ನಿಮಗೆ ಅರ್ಥವಾಗಿದ್ದೇನು?

ರಾಜ್ಯಶಾಸ್ತ್ರ ಎಂ.ಎ.ಯಲ್ಲಿ ಇದು ನನಗೆ ಒಂದು ಪೇಪರ್. ಕಥೆಯನ್ನು ಯಾವ ವರ್ಷದಿಂದ ಶುರು ಮಾಡುತ್ತೀರಿ ಅನ್ನೋದರ ಮೇಲೆ ತಪ್ಪು ಯಾರದು ಅನ್ನೋದೂ ಬದಲಾಗುತ್ತದೆ. ನನಗೆ ಮೊದಲು ಹೊಳೆದಿದ್ದು ಇದೇ.

ಜೋರ್ಡಾನ್ ನದಿಯ ಪಶ್ಚಿಮಕ್ಕಿರುವ ಪ್ಯಾಲೆಸ್ಟೀನಿಯರ ಪ್ರದೇಶ ವೆಸ್ಟ್ ಬ್ಯಾಂಕ್. ಅಲ್ಲಿನ ಹೆಬ್ರಾನ್ ಊರನ್ನೇ ನೋಡಿ. 1929ರಲ್ಲಿ ಅಲ್ಲಿ ಅರಬ್ ಗುಂಪುಗಳು 67 ಯಹೂದಿಗಳನ್ನು ಕೊಂದವು. (ಎಷ್ಟೋ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಉಳಿಸಿದವರೂ ಅರಬ್ಬರೇ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.) 1994ರಲ್ಲಿ ಬಾರೂಕ್ ಗೋಲ್ಡ್‌ಸ್ಟೈನ್ ಎಂಬ ಯಹೂದಿ ಅದೇ ಊರಿನ ಇಬ್ರಾಹಿಮಿ ಮಸೀದಿಗೆ ನುಗ್ಗಿ, ನಮಾಜ್ ಮಾಡುತ್ತಿದ್ದ 29 ಮುಸ್ಲಿಮರನ್ನು ಗುಂಡಿಟ್ಟು ಕೊಂದ. ಆಮೇಲೆ ಆ ಕಟ್ಟಡವನ್ನೇ ಯಹೂದಿಗಳಿಗೂ ಮುಸ್ಲಿಮರಿಗೂ ಪಾಲು ಮಾಡಿದರು. ಅಬ್ರಹಾಮ ಇಬ್ಬರಿಗೂ ಮೂಲಪುರುಷ, ಅವನ ಸಮಾಧಿ ಇರುವುದು ಅಲ್ಲೇ ಅಂತ ಇಬ್ಬರ ನಂಬಿಕೆ. ವರ್ಷಕ್ಕೆ ಹತ್ತು ದಿನ ಇಡೀ ಕಟ್ಟಡ ಯಹೂದಿಗಳಿಗೆ, ಇನ್ನು ಹತ್ತು ದಿನ ಮುಸ್ಲಿಮರಿಗೆ.

1948 ಕೂಡ ಹಾಗೇ. ಇಸ್ರೇಲಿಗೆ ಅದು ಸ್ವಾತಂತ್ರ್ಯದ ವರ್ಷ. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡಿದ್ದೂ ಅದೇ ಯುದ್ಧದಲ್ಲಿ.

ಹಾಗಂತ "ಎರಡೂ ಕಡೆ ನೋವಿದೆ" ಅಂತ ಬರೆದು ಸುಮ್ನೆ ಕೂರಲು ನನಗೆ ಮನಸ್ಸಿಲ್ಲ. ನೋವು ಇಬ್ಬರಿಗೂ ಇದೆ, ಬಲ ಸಮ ಇಲ್ಲ ಅಲ್ವಾ? ವೆಸ್ಟ್ ಬ್ಯಾಂಕ್ 1967ರಿಂದ ಇಸ್ರೇಲ್ ಸೇನೆಯ ಹಿಡಿತದಲ್ಲಿದೆ.

ಅಂದಹಾಗೆ, 1918ರಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ತುರ್ಕರಿಂದ ಗೆದ್ದ ಕುದುರೆಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಗೆದ್ದುಕೊಟ್ಟಿದ್ದು ಬ್ರಿಟಿಷರಿಗೆ. ಓದು ಶುರು ಮಾಡುವವರು, 1948ರವರೆಗೆ ಪ್ಯಾಲೆಸ್ಟೀನಿನಲ್ಲಿ ನಡೆದ ಆ ಬ್ರಿಟಿಷ್ ಆಳ್ವಿಕೆಯ ಮೂವತ್ತು ವರ್ಷಗಳನ್ನು ಹಾರಿಸಬೇಡಿ.