ಜಪಾನಿನ ನರಿತಾ ಏರ್‌ಪೋರ್ಟಿನಲ್ಲಿ ಮುಂದಿನ ವಿಮಾನಕ್ಕೆ ಏಳು ಗಂಟೆ ಲೇಓವರ್ ಇದೆ, ಟೋಕಿಯೋ ನೋಡಿ ಬರಬಹುದಾ? ಇಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ಕೂರುತ್ತೇನೆ.

ಬೇಡ. ಟೋಕಿಯೋ ಆಸೆ ಬಿಡಿ, ಏರ್‌ಪೋರ್ಟಿನ ಪಕ್ಕದ ನರಿತಾ ಊರಿಗೇ ಹೋಗಿ, ಅಲ್ಲಿನ ಹಳೆಯ ದೇವಸ್ಥಾನ, ಅಂಗಡಿ ಬೀದಿ ನೋಡಿ.

ಹಗಲು ಹೊತ್ತಿನ ಏಳು ಗಂಟೆ, ಕೈಯಲ್ಲಿ ಜಪಾನ್ ವೀಸಾ, ದೊಡ್ಡ ಬ್ಯಾಗ್ ನೇರವಾಗಿ ಮುಂದಿನ ವಿಮಾನಕ್ಕೆ. ನೀವು ಬರೆದಿದ್ದು ಓದಿದರೆ ನನ್ನದೇ ಟಿಕೆಟ್ ನೋಡಿದ ಹಾಗಾಯಿತು. ನಾನೂ ಅಮೆರಿಕದ ಕಡೆ ಹೊರಟಿದ್ದೆ. ಟೋಕಿಯೋ ತಂಟೆಗೆ ಹೋಗಬಾರದು ಅನ್ನೋ ಬುದ್ಧಿ ಮಾತ್ರ ಇತ್ತು. ಊರು ಪಕ್ಕದಲ್ಲೇ ಇದೆ, ರೈಲಿನಲ್ಲಿ ಹತ್ತು ನಿಮಿಷ, ಇದರಲ್ಲಿ ಕೆಡೋದಕ್ಕೆ ಏನಿದೆ ಅಂತ ಆರಾಮಾಗಿ ಇಮಿಗ್ರೇಷನ್ ದಾಟಿ ಕೆಳಗಿನ ರೈಲು ನಿಲ್ದಾಣಕ್ಕೆ ಇಳಿದೆ.

ಅಲ್ಲಿ ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಉದ್ದ ಆಯಿತು ಅನ್ನಿಸಿದರೂ ಓದಿ, ಯಾಕೆಂದರೆ ನೀವೂ ಅದೇ ಮೆಟ್ಟಿಲು ಇಳಿಯುತ್ತೀರಿ.

ಏರ್‌ಪೋರ್ಟಿನಿಂದ ಕೇಸೇ ಅನ್ನುವ ಕಂಪನಿಯ ರೈಲುಗಳು ಎರಡು ಬೇರೆ ಬೇರೆ ಹಾದಿ ಹಿಡಿಯುತ್ತವೆ. ಒಂದು ಹಳೆಯ ಮೇನ್ ಲೈನ್. ಇನ್ನೊಂದು 2010ರಲ್ಲಿ ಶುರುವಾದ ಸ್ಕೈ ಆಕ್ಸೆಸ್ ಲೈನ್. ಎರಡೂ ಹೋಗುವುದು ಟೋಕಿಯೋ ಕಡೆಗೇ. ಆದರೆ ಮೇನ್ ಲೈನ್ ಮಾತ್ರ ನರಿತಾ ಊರನ್ನು ಹಾದು ಹೋಗುತ್ತದೆ. ಟರ್ಮಿನಲ್ 2 ಬಿಟ್ಟ ಮೇಲೆ ಅದರ ಮುಂದಿನ ಸ್ಟಾಪೇ ಕೇಸೇ ನರಿತಾ. ಸ್ಕೈ ಆಕ್ಸೆಸ್ ಊರಿನ ಹೊರಗಿನಿಂದಲೇ ಹೋಗಿಬಿಡುತ್ತದೆ. ನನಗೆ ಎರಡು ಹಾದಿ ಇರುವುದೇ ಗೊತ್ತಿರಲಿಲ್ಲ. ಟೋಕಿಯೋಗೆ ಹೋಗುವ ರೈಲು ಅಂದಮೇಲೆ ಮಧ್ಯೆ ನರಿತಾ ಸಿಗಲೇಬೇಕು ಅಲ್ವಾ? ಹೊರಡಲು ನಿಂತಿದ್ದ ಆಕ್ಸೆಸ್ ಎಕ್ಸ್‌ಪ್ರೆಸ್ ಹತ್ತಿ ಕೂತೆ, ಅದು ಸ್ಕೈ ಆಕ್ಸೆಸ್ ಲೈನಿನ ರೈಲು.

ಅಷ್ಟಾದರೂ ಪರವಾಗಿರಲಿಲ್ಲ. ಮುಂದಿನ ನಿಲ್ದಾಣದ ಹೆಸರು ‘ನರಿತಾ ಯುಕಾವಾ’. ಮೈಕಿನಲ್ಲಿ ‘ನರಿತಾ’ ಅಂತ ಕಿವಿಗೆ ಬಿದ್ದದ್ದೇ ತಡ, ಎದ್ದು ಇಳಿದೆ. ಕಾರ್ಡ್ ಮುಟ್ಟಿಸಿ ಹೊರಗೂ ಬಂದೆ. ನೋಡಿದರೆ ಅಗಲವಾದ ಖಾಲಿ ರಸ್ತೆ, ದೂರದಲ್ಲಿ ಮನೆಗಳು. ದೇವಸ್ಥಾನ ಇಲ್ಲ, ಅಂಗಡಿ ಬೀದಿ ಇಲ್ಲ. ಫೋನಿನ ಮ್ಯಾಪ್ ತೆಗೆದಾಗಲೇ ಗೊತ್ತಾಗಿದ್ದು, ನಾನು ಹೋಗಬೇಕಾದ ಊರು ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್ ಆಚೆ. ಈ ಮ್ಯಾಪನ್ನು ಹತ್ತುವ ಮೊದಲು ನೋಡಿದ್ದರೆ ಮುಗಿದಿತ್ತು.

ಟ್ಯಾಕ್ಸಿ ಹಿಡಿಯಬೇಕಿತ್ತು. ದುಡ್ಡಿನ ಮುಖ ನೋಡಿ, ಏರ್‌ಪೋರ್ಟಿಗೆ ವಾಪಸ್ ಹೋಗಿ ಸರಿಯಾದ ರೈಲು ಹಿಡಿಯೋಣ ಅಂದುಕೊಂಡೆ. ಆ ಲೈನಿನಲ್ಲಿ ನಿಲ್ಲುವ ರೈಲು ಸುಮಾರು ನಲವತ್ತು ನಿಮಿಷಕ್ಕೊಂದು. ನಾನು ಪ್ಲಾಟ್‌ಫಾರ್ಮ್ ಹತ್ತುವ ಹೊತ್ತಿಗೆ ಒಂದು ಹೋಗಿಯಾಗಿತ್ತು. ಸ್ಕೈಲೈನರ್ ಅನ್ನುವ ವೇಗದ ರೈಲು ಆ ಹಾದಿಯಲ್ಲಿ ಗಂಟೆಗೆ 160 ಕಿ.ಮೀ ವೇಗದಲ್ಲಿ ಓಡುತ್ತದೆ. ಅದು ನಿಲ್ಲದೆ ಹಾದು ಹೋಗುವುದನ್ನು ನೋಡೋಕೆ ಮಜವಾಗೇ ಇತ್ತು, ನನಗೇನೂ ಉಪಯೋಗ ಇರಲಿಲ್ಲ ಅಷ್ಟೇ. ರೈಲಿನವರ ತಪ್ಪು ಏನೂ ಇಲ್ಲ. ಬೋರ್ಡುಗಳು ಸರಿಯಾಗೇ ಇದ್ದವು: ಮೇನ್ ಲೈನಿಗೆ ನೀಲಿ, ಸ್ಕೈ ಆಕ್ಸೆಸ್‌ಗೆ ಕಿತ್ತಳೆ. ನೀವು ನೀಲಿಯನ್ನೇ ಹಿಡಿಯಿರಿ, ‘ಕೇಸೇ ನರಿತಾ ನಿಲ್ಲುತ್ತಾ?’ ಅಂತ ಒಮ್ಮೆ ಕೇಳಿಯೇ ಹತ್ತಿ. ಟಿಕೆಟ್ ಮುನ್ನೂರು ಯೆನ್ ಆಸುಪಾಸು. ಜೆಆರ್ ಅನ್ನುವ ಇನ್ನೊಂದು ಕಂಪನಿಯ ರೈಲಿನಲ್ಲೂ ಹೋಗಬಹುದು, ಆದರೆ ಅಲ್ಲೂ ನರಿತಾ ಎಕ್ಸ್‌ಪ್ರೆಸ್ ಹತ್ತಬೇಡಿ. ಹೆಸರಿನಲ್ಲಿ ನರಿತಾ ಇದೆಯೇ ಹೊರತು ಹೆಚ್ಚಿನವು ನರಿತಾ ಊರಿನಲ್ಲಿ ನಿಲ್ಲುವುದಿಲ್ಲ.

ಕೊನೆಗೂ ಊರು ತಲುಪಿದಾಗ ಸಂಜೆಯಾಗಿತ್ತು. ನಿಲ್ದಾಣದಿಂದ ನರಿತಾಸಾನ್ ಶಿನ್‌ಶೋಜಿ ದೇವಾಲಯದವರೆಗೆ ಒಮೊತೆಸಾಂದೋ ಅನ್ನುವ ಬೀದಿ, ಸುಮಾರು 800 ಮೀಟರ್, ಬಳುಕುತ್ತಾ ಇಳಿಯುತ್ತದೆ. ಅದರ ಎರಡೂ ಬದಿಯ ಅಂಗಡಿಗಳು ಐದರ ಹೊತ್ತಿಗೇ ಬಾಗಿಲು ಹಾಕಲು ಶುರು ಮಾಡುತ್ತವೆ. ನಾನು ಹೋದಾಗ ಒಂದೊಂದೇ ಶಟರ್ ಇಳಿಯುತ್ತಿತ್ತು. ಬೀದಿಗೆ ಮುಖ ಮಾಡಿ ಹಾವುಮೀನು ಸೀಳಿ ಕೆಂಡದ ಮೇಲೆ ಸುಡುವ ಅಂಗಡಿಗಳಿಗೆ ಆ ಊರು ಹೆಸರುವಾಸಿ. ನಾನು ನೋಡಿದ್ದು ತೊಳೆದಿಟ್ಟ ಹಲಗೆ.

ದೇವಾಲಯ ಹುಟ್ಟಿದ್ದು 940ರಲ್ಲಿ. ಮುಖ್ಯ ದೇವರು ಫುದೋ ಮ್ಯೋಓ, ಅಂದರೆ ಬೌದ್ಧರ ಅಚಲನಾಥ. 1968ರ ದೊಡ್ಡ ಮುಖ್ಯ ಮಂದಿರದಲ್ಲಿ ದಿನಕ್ಕೆ ಹಲವು ಸಲ ಹೋಮ ನಡೆಯುತ್ತದೆ. ದೊಡ್ಡ ನಗಾರಿ ಬಾರಿಸುತ್ತಾ, ಬೆಂಕಿ ಎಬ್ಬಿಸಿ, ಮಂತ್ರ ಹೇಳುತ್ತಾರೆ. ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡು ಕೊಡಬೇಕಿಲ್ಲ. ನಾನು ಹೊರಟಿದ್ದೇ ಅದಕ್ಕೆ. ಆದರೆ ಆವತ್ತಿನ ಕೊನೆಯ ಹೋಮ ಯಾವಾಗಲೋ ಮುಗಿದಿತ್ತು. 1712ರ ಮೂರಂತಸ್ತಿನ ಪಗೋಡ ಮಾತ್ರ ಬಣ್ಣ ಕಾಣುವಷ್ಟು ಬೆಳಕಿರುವಾಗ ಸಿಕ್ಕಿತು. ಸೂರಿನ ಕೆಳಗಿನ ಕೆತ್ತನೆ ನೋಡಲು ಅದರ ಸುತ್ತ ಒಂದು ಸುತ್ತು ಹಾಕಿ. ನಾನು ಅವಸರದಲ್ಲಿ ಒಂದೇ ಬದಿ ನೋಡಿ ಓಡಿದೆ. ಹಿಂದಿನ ದೊಡ್ಡ ಉದ್ಯಾನಕ್ಕೆ ಕಾಲೇ ಇಡಲಿಲ್ಲ.

ಇನ್ನು ನಿಮ್ಮ ಟೋಕಿಯೋ ಲೆಕ್ಕ. ಏಳು ಗಂಟೆಯಲ್ಲಿ ಇಮಿಗ್ರೇಷನ್ ಮುಗಿಸಿ ಹೊರಬರಲು ಒಂದು, ಒಂದೂವರೆ ಇಡಿ. ವಾಪಸ್ ಬಂದು ಸೆಕ್ಯುರಿಟಿ ದಾಟಲು ಎರಡು. ಉಳಿದದ್ದು ಹೆಚ್ಚೆಂದರೆ ನಾಲ್ಕು ಗಂಟೆ. ನಗರ ಸುಮಾರು 60 ಕಿ.ಮೀ ದೂರ. ರೈಲಿಗೆ ಕಾಯುವುದೂ ಸೇರಿದರೆ ಹೋಗಿ ಬರಲು ಎರಡೂವರೆ ಗಂಟೆ ಬೇಕು. ಮಿಕ್ಕ ಒಂದು, ಒಂದೂವರೆ ಗಂಟೆಯಲ್ಲಿ ಟೋಕಿಯೋದ ಯಾವುದೋ ನಿಲ್ದಾಣದ ಎದುರು ಫೋಟೋ ತೆಗೆಸಿಕೊಂಡು, ಗಡಿಯಾರ ನೋಡುತ್ತಾ ಬರುತ್ತೀರಿ. ಅದಕ್ಕೆ ‘ಟೋಕಿಯೋ ನೋಡಿದೆ’ ಅನ್ನೋದು ಸುಮ್ನೆ ಮಾತು. ‘ಇಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ಕೂರುತ್ತೇನೆ’ ಅಂದಿದ್ದೀರಲ್ಲ, ಅದೂ ಬೇಡ. ವೀಸಾ ಮಾಡಿಸಿಕೊಂಡು ಲೌಂಜಿನಲ್ಲಿ ಕೂರೋದಕ್ಕಾ?

ಹೊರಡುವ ಮೊದಲೇ ‘ವಿಸಿಟ್ ಜಪಾನ್ ವೆಬ್’ನಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ, ಫಾರಂ ಬರೆಯುವ ಸಮಯ ಉಳಿಯುತ್ತದೆ. ಕೈಬ್ಯಾಗನ್ನು ಏರ್‌ಪೋರ್ಟಿನ ಲಾಕರಿನಲ್ಲಿ ಬಿಡಿ, ದೇವಾಲಯದಲ್ಲಿ ಮೆಟ್ಟಿಲು ಜಾಸ್ತಿ. ಮೀನು ತಿನ್ನದಿದ್ದರೆ ಯೋಕಾನ್ ಕೇಳಿ, ಅದು ಕಾಳಿನ ಸಿಹಿ. ಕಡಲೆಕಾಯಿಯೂ ಸಿಗುತ್ತದೆ, ಜಪಾನಿನಲ್ಲಿ ಅದನ್ನು ಎಲ್ಲಕ್ಕಿಂತ ಜಾಸ್ತಿ ಬೆಳೆಯುವುದು ಇದೇ ಚಿಬಾ ಪ್ರಾಂತ್ಯದಲ್ಲಿ. ಮುಂದಿನ ವಿಮಾನ ಟರ್ಮಿನಲ್ 3ರಿಂದ ಇದ್ದರೆ ಇನ್ನೊಂದು ಕಾಲು ಗಂಟೆ ಕೈಯಲ್ಲಿಟ್ಟುಕೊಳ್ಳಿ. ರೈಲು ಅಲ್ಲಿಗೆ ಹೋಗುವುದಿಲ್ಲ, ಟರ್ಮಿನಲ್ 2ರಲ್ಲಿ ಇಳಿದು ನಡೆಯಬೇಕು ಅಥವಾ ಶಟಲ್ ಬಸ್ ಹತ್ತಬೇಕು.

ವಿಮಾನ ಇಳಿಯುವುದು ಎಷ್ಟು ಗಂಟೆಗೆ ಅಂತ ನೀವು ಬರೆದಿಲ್ಲ. ಬೆಳಿಗ್ಗೆ ಆದರೆ ಹೋಮದ ಸಮಯವನ್ನು ದೇವಾಲಯದ ವೆಬ್‌ಸೈಟಿನಲ್ಲಿ ನೋಡಿ, ಮೊದಲು ಅದಕ್ಕೇ ಹೋಗಿ, ತಿಂಡಿ ಅಂಗಡಿ ಆಮೇಲೆ. ಮಧ್ಯಾಹ್ನ ಎರಡು ದಾಟಿದ ಮೇಲೆ ಇಳಿಯುವುದಾದರೆ ಹೋಮ ಸಿಗಲ್ಲ, ನೇರವಾಗಿ ಪಗೋಡದ ಹತ್ತಿರ ಹೋಗಿಬಿಡಿ.