ಕೋಟೆ ಇರಲಿ, ಹೊಲಕ್ಕೆ ಹೋಗಿ

ಡಿಸೆಂಬರಿನಲ್ಲಿ ಅಜ್ಜಿ, ಮಕ್ಕಳನ್ನೆಲ್ಲ ಕರ್ಕೊಂಡು ಬೀದರಿಗೆ ಬರುತ್ತೇವೆ, ಪೋಸ್ ಇಲ್ಲದ ಫೋಟೊ ಬೇಕು, ಎಲ್ಲಿ ತೆಗೆಯೋಣ ಅಂತ ಕೇಳಿದ್ದೀರಿ. ಕೋಟೆ ಚೆನ್ನಾಗಿದೆ, ಆದರೆ ಅಲ್ಲಿ ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ಸಾಲಾಗಿ ನಿಂತುಬಿಡುತ್ತಾರೆ.

ರೈತರು ಹೊಲದಲ್ಲೇ ಪೂಜೆ, ಊಟ ಮಾಡುವ ಎಳ್ಳ ಅಮಾವಾಸ್ಯೆ ಹಬ್ಬಕ್ಕೆ ಹೊಂದಿಸಿಕೊಳ್ಳಿ, ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದೊಳಗೆ ಬರುತ್ತೆ. ಪರಿಚಯದವರ ಹೊಲಕ್ಕೆ ಹೋಗಿ. ಚರಗ (ಭೂಮಿತಾಯಿಗೆ ಕೊಡುವ ನೈವೇದ್ಯ) ಚೆಲ್ಲಿ ಜೋಳದ ಪಕ್ಕ ಊಟಕ್ಕೆ ಕೂತರೆ ಕ್ಯಾಮೆರಾ ಯಾರಿಗೂ ನೆನಪಿರಲ್ಲ. ನಮ್ಮತ್ತೆ ಸಜ್ಜೆ ರೊಟ್ಟಿ ಮುರಿದು ಭಜ್ಜಿಯಲ್ಲಿ (ಕಾಳು, ಸೊಪ್ಪಿನ ಪಲ್ಯ) ಅದ್ದಿ ಮೊಮ್ಮಗನ ಬಾಯಿಗಿಡುವಾಗ ಅವನ ಗಲ್ಲಕ್ಕೆಲ್ಲಾ ಮೆತ್ತಿಕೊಂಡಿತ್ತು, ಅದೇ ಫೋಟೊ ಈಗ ಗೋಡೆ ಮೇಲಿದೆ.

ಊಟದ ಹೊತ್ತಿಗೆ ದಟ್ಟ ನೆರಳು ಹುಡುಕಿ, ಎಲೆ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿ ಬಿದ್ದರೆ ಕೆಟ್ಟದಾಗಿ ಕಾಣುತ್ತೆ. ಒಳ್ಳೆ ಬೆಳಕು 4.30ರ ಮೇಲೆ. ಸೂರ್ಯ ಫೋಟೊದಲ್ಲಿರುವವರ ಬೆನ್ನಿಗಿರಲಿ. 6ರೊಳಗೆ ಮುಳುಗುತ್ತೆ, ಚಹಾ ಅಂತ ಸುಮ್ನೆ ಹೊತ್ತು ಕಳೆಯಬೇಡಿ. ಓಡುವ ಮಕ್ಕಳಿಗೆ ಶಟರ್ ವೇಗ 1/500 ಸೆಕೆಂಡ್ ಇಡಿ.

ಹೊಲ ಸಿಗದಿದ್ದರೆ ಬೆಳಿಗ್ಗೆ ಬೀದರ್ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಸಮಾಧಿ ಗುಂಬಜ್‌ಗಳ ಕಡೆ ಹೋಗಿ. ಆಗ ಚಳಿ ಜಾಸ್ತಿ. ಅಜ್ಜಿಯ ಮಫ್ಲರ್ ಮಾತ್ರ ತೆಗೆಸಬೇಡಿ, ಅವರು ಮನೆಯಲ್ಲಿ ಇರೋದೇ ಹಾಗೆ ಅಲ್ವಾ?