ಹೊಸ ಎಂಜಿನ್ನಿಗೆ ಗಿರಿಯ ಏರು

ಪ್ರಶ್ನೆ: ಹೊಸ 150 ಸಿಸಿ ಬೈಕನ್ನು ಮೊದಲ 1000 ಕಿಲೋಮೀಟರ್ ಗಂಟೆಗೆ 40ಕ್ಕಿಂತ ವೇಗವಾಗಿ ಓಡಿಸಬಾರದು, ಬೇಗನೆ ಮೇಲಿನ ಗೇರಿಗೆ ಹೋಗಬೇಕು ಎನ್ನುತ್ತಾರೆ. ಮುಳ್ಳಯ್ಯನಗಿರಿಯ ಏರಿನಲ್ಲಿ ಹಾಗೆ ಮಾಡಿದರೆ ಎಂಜಿನ್ ನಡುಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆ ನಡುಕವನ್ನು ದಯವಿಟ್ಟು ಕಡೆಗಣಿಸಬೇಡಿ. ಹೊಸ ಸಿಲಿಂಡರಿನ ಒಳಗೋಡೆಯಲ್ಲಿ ಸೂಕ್ಷ್ಮವಾದ ಗೀರುಗಳಿರುತ್ತವೆ. ಉರಿದ ಅನಿಲದ ಒತ್ತಡವು ಪಿಸ್ಟನ್ ರಿಂಗುಗಳನ್ನು (ಪಿಸ್ಟನ್ನಿನ ಸುತ್ತಲಿನ ಲೋಹದ ಬಳೆಗಳನ್ನು) ಗೋಡೆಗೆ ಒತ್ತಿದಾಗ ಆ ಗೀರುಗಳ ತುದಿಗಳು ಸವೆದು, ರಿಂಗು ಮತ್ತು ಗೋಡೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದಕ್ಕೆ ಎಂಜಿನ್ನಿನ ಮೇಲೆ ಹದವಾದ ಭಾರ ಬೇಕೇ ಹೊರತು ಒಂದೇ ಸಮನಾದ ನಿಧಾನ ಓಟವಲ್ಲ. ಮೇಲಿನ ಗೇರಿನಲ್ಲಿ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಏರು ಹತ್ತಿಸಿದರೆ ಬೇರಿಂಗುಗಳ ಮೇಲೆ ಹೊರೆ ಹೆಚ್ಚುತ್ತದೆ, ಆದರೆ ಎಣ್ಣೆಯ ಹರಿವು ಕಡಿಮೆಯಾಗಿರುತ್ತದೆ. ಆದ್ದರಿಂದ ಗಿರಿಯ ದಾರಿಯಲ್ಲಿ ಸಿಗುವ ಕೈಮರ ಎಂಬ ಜಾಗವನ್ನು ದಾಟಿ ಏರು ಕಡಿದಾಗುತ್ತಿದ್ದಂತೆ, ಎಂಜಿನ್ ತಿಣುಕುವ ಮೊದಲೇ ಒಂದು ಗೇರು ಇಳಿಸಿ. ಥ್ರಾಟಲನ್ನು ಪೂರ್ತಿ ತಿರುವಬೇಡಿ. ಇಳಿಯುವಾಗ ನ್ಯೂಟ್ರಲ್ ಬೇಡ, ಕೆಳಗಿನ ಗೇರಿನಲ್ಲೇ ಬನ್ನಿ.

ನನ್ನ ಅಭಿಪ್ರಾಯದಲ್ಲಿ ಮೊದಲ ಕೆಲವು ದಿನ ಕಡೂರು ಕಡೆಯ ಸಮತಟ್ಟು ರಸ್ತೆಯಲ್ಲಿ ವೇಗವನ್ನು ಏರಿಳಿಸುತ್ತಾ ಓಡಿಸಿ, ಆಮೇಲೆ ಗಿರಿಗೆ ಹೋಗುವುದು ಒಳ್ಳೆಯದು. ವೇಗದ ಮಿತಿಗೆ ಬೈಕಿನ ಕೈಪಿಡಿಯನ್ನೇ ನಂಬಿ. ಮೊದಲ ಸರ್ವಿಸಿನ ಎಣ್ಣೆ ಬದಲಾವಣೆಯನ್ನಂತೂ ಮುಂದೂಡಬೇಡಿ, ಸವೆದ ಲೋಹದ ಕಣಗಳು ಆ ಎಣ್ಣೆಯಲ್ಲೇ ಸೇರಿಕೊಂಡಿರುತ್ತವೆ.